ಮಧ್ಯಾಹ್ನದ ಹಣ್ಣುಸಿರು

ಪುಟ್ಟತಾಯಮ್ಮನ ಲಾಡ್ಜಿನಲ್ಲಿ ಒಂದು ಪದ್ಧತಿಯಿದೆ. ಮಧ್ಯಾಹ್ನದ ಊಟವಾಗಿ ಎರಡು ತಾಸಿಗೆ ಅತಿಥಿಗಳೆಲ್ಲ ಪಡಸಾಲೆಗೆ ಬರಬೇಕು. ಪುಟ್ಟತಾಯಮ್ಮ ಒಬ್ಬೊಬ್ಬರ ಮುಖದ ಹತ್ತಿರ ಮೂಗು ತಂದು "ಊದಿ" ಅನ್ನುತ್ತಾರೆ. ಬ್ಯಾಂಕ್ ಮ್ಯಾನೇಜರ್ ಆಗಲಿ, ಪೊಲೀಸ್ ಇನ್‌ಸ್ಪೆಕ್ಟರ್ ಆಗಲಿ, ಊದಲೇಬೇಕು. ಹೊಸಬರು ಇದೂ ಒಂದು ಚಿಕಿತ್ಸೆಯೇ ಇರಬೇಕೆಂದುಕೊಂಡು ಶ್ರದ್ಧೆಯಿಂದ ಊದುತ್ತಾರೆ. ಕೆಲವರಿಗೆ ನಗು ತಡೆಯಲಾಗುವುದಿಲ್ಲ. ಪುಟ್ಟತಾಯಮ್ಮ ಮಾತ್ರ ನಗುವುದಿಲ್ಲ. ಮೊದಲು ಹೀಗಿರಲಿಲ್ಲ. ಅವರ ಮಗಳು ಶಾಂಭವಿಗೆ ಹಾಗಾದ ಮೇಲೆ ಇದು ಶುರುವಾಯಿತು.

ನಾನು ಆ ಊರಿನವಳಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹದಿನೈದು ವರ್ಷ ಕೂತಲ್ಲೇ ಹೊಲಿದು ಮಂಡಿ ಹಾಳಾಗಿ, ಎಂಬತ್ತೆಂಟು ಕೆಜಿ ತೂಗುತ್ತಿದ್ದಾಗ ಜೊತೆಯವಳೊಬ್ಬಳು ಈ ಊರಿನ ವಿಷಯ ಹೇಳಿದಳು. ನಲವತ್ತು ದಿನ ಇದ್ದು ಬಂದರೆ ಸಾಕು, ತಾನಾಗಿಯೇ ಇಳಿಯುತ್ತೀಯ ಎಂದಳು. "ಅನ್ನ ಬಿಡ್ಬೇಕಾ?" ಎಂದೆ. "ಬೇಡ." "ಬರೀ ಮೊಟ್ಟೆ, ಬೆಣ್ಣೆ, ಮಾಂಸ ಅಂತ ತಿನ್ಬೇಕಾ?" "ಅದೂ ಬೇಡ ಕಣೇ. ಅಲ್ಲಿಯವರು ತಿನ್ನೋದನ್ನೇ ನೀನೂ ತಿನ್ನು. ಮುದ್ದೆ, ಅನ್ನ, ಹುರುಳಿ ಸಾರು. ಎಷ್ಟೊತ್ತಿಗೆ ಅನ್ನೋದು ನಿನ್ನ ಕೈಲಿರಲ್ಲ, ಅಷ್ಟೇ." ಆ ಕೊನೆಯ ಮಾತು ನನಗೆ ಅರ್ಥವಾದದ್ದು ಇಲ್ಲಿಗೆ ಬಂದ ಮೂರನೆಯ ದಿನ ಸಂಜೆ. ಆರು ಗಂಟೆ ದಾಟಿತ್ತು. ಕೈಯಲ್ಲಿದ್ದ ಚಕ್ಕುಲಿಯ ತುಣುಕನ್ನು ಬಾಯಿಗೆ ಹಾಕಿಕೊಂಡು ಅಗಿದೆ, ನುಂಗಲು ಹೋದೆ. ಗಂಟಲೊಳಗೆ ಯಾರೋ ಲಂಗದ ಲಾಡಿ ಎಳೆದು ಗಂಟು ಹಾಕಿದ ಹಾಗಾಯಿತು. ನೋವಿಲ್ಲ, ಉಸಿರು ಕಟ್ಟಲಿಲ್ಲ. ಅಗಿದದ್ದು ಮಾತ್ರ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಆ ಲಾಡಿ ತಾನಾಗಿಯೇ ಸಡಿಲವಾಯಿತು.

ಊರಿನವರೆಲ್ಲರಿಗೂ ಹಾಗೆಯೇ. ಹತ್ತಕ್ಕೆ ತೆರೆಯುತ್ತದೆ, ಆರಕ್ಕೆ ಮುಚ್ಚುತ್ತದೆ. ಮುಚ್ಚಿರುವ ಹದಿನಾರು ತಾಸು ಬರೀ ನೀರು. ನೀರಿಗೆ ಒಂದು ಹರಳು ಸಕ್ಕರೆ ಬಿದ್ದಿದ್ದರೂ ಗಂಟಲಿಗೆ ಗೊತ್ತಾಗಿಬಿಡುತ್ತದೆ. ಮಕ್ಕಳಿಗೆ ಹಾಲುಹಲ್ಲು ಬೀಳುವವರೆಗೆ ಈ ಕಟ್ಟಿಲ್ಲ. ಮೊದಲ ಸಲ ಮುಚ್ಚಿದ ಮಾರನೆಯ ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿ ಹೋಳಿಗೆ ಮಾಡಿ ನೆರೆಹೊರೆಗೆ ಹಂಚುತ್ತಾರೆ. ಮದುವೆಯ ಊಟ ಹನ್ನೊಂದಕ್ಕೆ ಒಮ್ಮೆ, ನಾಲ್ಕಕ್ಕೆ ಇನ್ನೊಮ್ಮೆ. ಐದೂವರೆಯ ನಂತರ ಯಾರ ಮನೆಗೂ ಹೋಗಬಾರದು, ಹೋದರೆ ಅವರ ಊಟ ಕೆಡುತ್ತದೆ. ಊರ ಅಂಚಿನಲ್ಲಿ ಹಳ್ಳವಿದೆ, ಅದಕ್ಕೊಂದು ಸೇತುವೆ. ಸೇತುವೆ ದಾಟಿದರೆ ಈ ಕಟ್ಟು ಇರುವುದಿಲ್ಲವೆಂದು ನಮ್ಮಂಥ ಹೊರಗಿನವರಿಗೆ ಗೊತ್ತು. ಊರಿನವರು ಅದನ್ನು ಪರೀಕ್ಷೆ ಮಾಡಿ ನೋಡಿದವರಲ್ಲ. ಬೇರೆ ಊರಿಗೆ ಹೋದರೂ ಆರರ ಮೇಲೆ ತಟ್ಟೆಯ ಮುಂದೆ ಕೂರುವುದಿಲ್ಲ. ಹಾಗೆ ಕೂರುವುದು ಅವರಿಗೆ ನಾಚಿಕೆಯ ಕೆಲಸ.

ನಾನು ನಲವತ್ತು ದಿನದಲ್ಲಿ ಆರು ಕೆಜಿ ಇಳಿದೆ, ಒಂದು ವರ್ಷದಲ್ಲಿ ಇಪ್ಪತ್ತೆರಡು. ಎಲ್ಲರೂ ಇಳಿಯುತ್ತಾರೆಂದೇನಿಲ್ಲ. ತೆರೆದಿರುವ ಎಂಟು ತಾಸೂ ಬಾಯಾಡಿಸುತ್ತ ಕೂತವರು ಬಂದ ಹಾಗೆಯೇ ವಾಪಸ್ಸು ಹೋದದ್ದನ್ನೂ ಕಂಡಿದ್ದೇನೆ. ಇಳಿದವರಿಗೆ ಮಾತ್ರ ಬಟ್ಟೆ ಸಡಿಲವಾಗುತ್ತಿತ್ತು. ಊರಿನಲ್ಲಿ ಬಿಗಿ ಮಾಡಿಕೊಡುವವರಿರಲಿಲ್ಲ. ನಾನು ಲಾಡ್ಜಿನ ಪಕ್ಕದ ಕೋಣೆಯಲ್ಲಿ ಒಂದು ಮೆಷಿನ್ ಹಾಕಿಕೊಂಡು ಕೂತೆ. ಹದಿನೈದು ವರ್ಷ ದಾಟಿತು.

ಅಳತೆ ತೆಗೆಯುವವಳು ಜನರ ತೀರ ಹತ್ತಿರ ನಿಲ್ಲಬೇಕಾಗುತ್ತದೆ. ಟೇಪು ಸುತ್ತುವಾಗ ಅವರ ಉಸಿರು ನನ್ನ ಕೆನ್ನೆಗೆ ತಾಕುತ್ತದೆ. ಬೆಳಗಿನ ಹೊತ್ತು ಆ ಊರಿನ ಪ್ರತಿಯೊಬ್ಬರ ಉಸಿರಿನಲ್ಲೂ ಒಂದು ವಾಸನೆಯಿದೆ. ಅತಿಯಾಗಿ ಮಾಗಿದ ಸೀಬೆಹಣ್ಣನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ತೆರೆದ ಹಾಗೆ, ಜೊತೆಗೆ ಉಗುರುಬಣ್ಣ ಒರೆಸುವ ದ್ರವದ ಒಂದು ಎಳೆ. ಊರಿನವರು ಅದಕ್ಕೆ ಹಣ್ಣುಸಿರು ಅನ್ನುತ್ತಾರೆ. ಆರೋಗ್ಯ ಕೇಂದ್ರದ ನರ್ಸ್ ಫಿಲೋಮಿನಾರನ್ನು ಒಮ್ಮೆ ಇದೇನೆಂದು ಕೇಳಿದ್ದೆ. ಅವರೂ ನನ್ನ ಹಾಗೆ ಹೊರಗಿನಿಂದ ಬಂದವರು. "ಹೊರಗಿಂದ ಊಟ ಬರದೇ ಇದ್ರೆ ಮೈ ಸುಮ್ನೆ ಕೂರುತ್ತಾ ಇಂದುಮತಿ? ತನ್ನ ಕೊಬ್ಬನ್ನೇ ಕರಗಿಸಿ ಉರಿಸ್ಕೊಳ್ಳುತ್ತೆ. ಆ ಒಲೆಯ ಹೊಗೆ ಇದು. ಹತ್ತಕ್ಕೆ ನಾಲ್ಕು ತುತ್ತು ಬೀಳ್ಲಿ, ಹೊಗೆ ನಿಲ್ಲುತ್ತೆ" ಎಂದಿದ್ದರು. ನಾನು ಮೂಗಿನಿಂದಲೇ ಲೆಕ್ಕ ಇಟ್ಟು ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಹನ್ನೊಂದರ ಹೊತ್ತಿಗೆ ಊರಿನ ಉಸಿರೆಲ್ಲ ಒಗ್ಗರಣೆಯ ಉಸಿರಾಗಿಬಿಡುತ್ತಿತ್ತು.

ಶಾಂಭವಿಗೆ ಆಗ ಇಪ್ಪತ್ತೆರಡು. ಅಂಚೆ ಕಚೇರಿಯ ವಿರೂಪಾಕ್ಷನ ಜೊತೆ ಮದುವೆ ಗೊತ್ತಾಗಿತ್ತು. ದುಂಡಗಿನ ಮುಖದ, ಹೆಗಲ ತುಂಬ ಮಾಂಸವಿದ್ದ ಹುಡುಗಿ. ತಾಯಿಗೆ ಅದೇ ಚಿಂತೆ. ಇಳಿಸಿಕೊಳ್ಳಲೆಂದು ಎಲ್ಲೆಲ್ಲಿಂದಲೋ ಜನ ಬರುವ ಲಾಡ್ಜಿನ ಯಜಮಾನಿಯ ಮಗಳೇ ದಪ್ಪಗಿದ್ದಾಳೆಂದು ಅತಿಥಿಗಳು ಆಡಿಕೊಳ್ಳುತ್ತಿದ್ದರು. ಮದುವೆಗೆ ಎರಡು ತಿಂಗಳಿದ್ದಾಗ ಧಾರೆಯ ಬ್ಲೌಸಿಗೆ ಅಳತೆ ಕೊಟ್ಟಳು. ಮೂರು ವಾರ ಕಳೆದು ಹಾಕಿ ನೋಡಲು ಬಂದಾಗ ಬ್ಲೌಸು ಒಂದೂವರೆ ಇಂಚು ಸಡಿಲವಾಗಿತ್ತು. "ಏನೇ ಇದು, ಮದುವೆ ಅಂದ ತಕ್ಷಣ ಇಳಿದುಬಿಟ್ಯಾ?" ಎಂದು ನಾನೇ ನಕ್ಕು ಬಿಗಿ ಮಾಡಿಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಎರಡು ಇಂಚು. ಪುಟ್ಟತಾಯಮ್ಮನಿಗೆ ಹಿಗ್ಗೋ ಹಿಗ್ಗು. ಅತಿಥಿಗಳ ಮುಂದೆ ಮಗಳನ್ನು ನಿಲ್ಲಿಸಿ, "ನೋಡಿ, ಒಂದು ತುತ್ತು ಅನ್ನ ಬಿಟ್ಟಿಲ್ಲ ಇವಳು. ನಿಮಗಿಂತ ಜಾಸ್ತಿನೇ ತಿಂತಾಳೆ. ಹೆಂಗಿದಾಳೆ ನೋಡಿ" ಅನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಶಾಂಭವಿ ಮೊದಲಿಗಿಂತ ಹೆಚ್ಚು ತಿನ್ನುತ್ತಿದ್ದಳು. ನೀರಂತೂ ಚೊಂಬುಗಟ್ಟಲೆ ಕುಡಿಯುತ್ತಿದ್ದಳು. ನೀರಷ್ಟೇ ಇಳಿಯುವ ಊರಿನಲ್ಲಿ ಎಷ್ಟು ನೀರು ಕುಡಿದರೆ ಯಾರು ಕೇಳುತ್ತಾರೆ?

ಮೂರನೆಯ ಸಲ ಅವಳು ಬಂದದ್ದು ಮದುವೆಗೆ ಒಂಬತ್ತು ದಿನವಿದ್ದಾಗ, ಮಧ್ಯಾಹ್ನ ಮೂರಕ್ಕೆ. ಸೊಂಟಕ್ಕೆ ಟೇಪು ಸುತ್ತಲು ಬಗ್ಗಿದೆ. ಅವಳು ಬಾಗಿ, "ಚಿಕ್ಕಮ್ಮ, ಈ ಸಲ ಎಷ್ಟು?" ಎಂದಳು. ಮಾಗಿದ ಸೀಬೆಯ ವಾಸನೆ ನನ್ನ ಮುಖಕ್ಕೆ ಬಡಿಯಿತು.

ನಾನು ಗೋಡೆಯ ಗಡಿಯಾರ ನೋಡಿದೆ. "ಊಟ ಮಾಡ್ಲಿಲ್ವೇನೇ?"

"ಒಂದು ಗಂಟೆಗೇ ಆಯ್ತಲ್ಲ. ಎರಡು ಮುದ್ದೆ, ಮೇಲೆ ಅನ್ನ. ಆದ್ರೂ ಹಸಿವು."

ನನಗೆ ಭಯವಾಗಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಕುತೂಹಲವಾಯಿತು. ಹದಿನಾಲ್ಕು ವರ್ಷ ನನ್ನ ಮೂಗು ತಪ್ಪಿರಲಿಲ್ಲ. ಊಟವಾಗಿ ಎರಡು ತಾಸಿನ ಮೇಲೆ ಈ ವಾಸನೆ ಇರಬಾರದು. ಒಳಗೆ ಎರಡು ಪಚ್ಚಬಾಳೆ ಇದ್ದವು. "ತಿನ್ನು" ಎಂದು ಕೊಟ್ಟೆ. ಒಂದು ತಾಸು ಕೂರಿಸಿಕೊಂಡು ಗುಂಡಿ ಹೊಲಿಸಿದೆ. ಹೋಗುವಾಗ ಕೊರಳಪಟ್ಟಿ ಸರಿಮಾಡುವ ನೆಪದಲ್ಲಿ ಹತ್ತಿರ ಹೋದೆ. ವಾಸನೆ ಹೋಗುವುದಿರಲಿ, ಇನ್ನೂ ಗಾಢವಾಗಿತ್ತು. ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಆ ಒಂದು ತಾಸಿನಲ್ಲಿ ಮೂರು ಸಲ ಬಚ್ಚಲಿಗೆ ಹೋಗಿದ್ದಳು.

ಮರುದಿನ ಹತ್ತೂವರೆಗೆ ಲಾಡ್ಜಿನ ಅಡುಗೆಮನೆಗೆ ಹೋದೆ. ಪುಟ್ಟತಾಯಮ್ಮ ಒಗ್ಗರಣೆ ಹಾಕುತ್ತಿದ್ದರು. "ಅಕ್ಕ, ಶಾಂಭವಿನ ಒಂದ್ಸಲ ಸಿಸ್ಟರ್ ಹತ್ರ ತೋರಿಸೋಣ. ಊಟ ಆದ್ಮೇಲೂ ಅವಳಿಗೆ ಹಣ್ಣುಸಿರು ಬರ್ತಿದೆ" ಎಂದೆ.

"ಬರ್ಲಿ ಬಿಡು. ಚೆನ್ನಾಗಿ ಕರಗ್ತಾ ಇದಾಳೆ ಅಂತ ಅರ್ಥ."

"ಹಂಗಲ್ಲಕ್ಕ. ಊಟ ಬಿದ್ಮೇಲೆ ನಿಲ್ಬೇಕು ಅದು. ಅವಳ ಬೆನ್ನು ಮೂಳೆ ಕೈಗೆ ಸಿಗ್ತಿದೆ."

ಪುಟ್ಟತಾಯಮ್ಮ ಸೌಟು ಕೆಳಗಿಟ್ಟರು. "ನೋಡು ಇಂದೂ, ನೀನು ಬಂದು ಹದಿನಾಲ್ಕು ವರ್ಷ. ನಾನು ಹುಟ್ಟಿದ್ದೇ ಈ ಉಸಿರಲ್ಲಿ. ಇದರ ವಿಷಯ ನನಗೆ ಹೇಳ್ಕೊಡಬೇಡ. ಮದುವೆ ಹತ್ರ ಇಟ್ಕೊಂಡು ಹುಡುಗಿನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಬೀಗರ ಕಡೆಯವರು ಏನಂದ್ಕೋತಾರೆ? ನಿನ್ನೆ ಮೊನ್ನೆ ತನಕ ನೀನೇ ಬಿಗಿ ಮಾಡ್ಕೊಟ್ಟು ಹೊಗಳ್ತಿದ್ಯಲ್ಲ."

ಹೊಗಳಿದ್ದು ನಿಜ. ಹಿಂತಿರುಗಿ ಅಂಗಡಿಗೆ ಬಂದೆ. ಮೆಷಿನ್ ಮುಂದೆ ಕೂತರೆ ಹೊಲಿಗೆ ಓರೆಯಾಗುತ್ತಿತ್ತು. ಬಾಗಿಲು ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ನಡೆದೆ.

ಫಿಲೋಮಿನಾ ಮೊದಲು ಅಷ್ಟಾಗಿ ಕಿವಿಗೊಡಲಿಲ್ಲ. ಉಸಿರಿನಲ್ಲಿ ಬರುವ ಆ ಪದಾರ್ಥ ಮೂತ್ರದಲ್ಲೂ ಇಳಿಯುತ್ತದಂತೆ. ಅದನ್ನು ನೋಡುವ ಕಾಗದದ ಪಟ್ಟಿ ಈ ಊರಿನಲ್ಲಿ ಎಲ್ಲರದಕ್ಕೂ ಬಣ್ಣ ತಿರುಗುತ್ತದಂತೆ. "ತಿರುಗದೇ ಇದ್ರೆ ಆಶ್ಚರ್ಯ ಪಡ್ಬೇಕು ಇಲ್ಲಿ. ಅದಕ್ಕೆ ನಾನು ಆ ಪಟ್ಟಿ ನೋಡೋದನ್ನೇ ಬಿಟ್ಟಿದೀನಿ" ಎಂದರು. ನಾನು ಬಾಳೆಹಣ್ಣಿನ ವಿಷಯ ಹೇಳಿದೆ. ಬಾಯಾರಿಕೆ, ಬಚ್ಚಲು, ಎರಡು ಮುದ್ದೆ ಉಂಡೂ ಹಸಿವು, ಏಳು ವಾರದಲ್ಲಿ ಸೊಂಟ ನಾಲ್ಕೂವರೆ ಇಂಚು ಇಳಿದದ್ದು, ಒಂದೊಂದಾಗಿ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಂತಿತು.

"ಅವಳು ಮತ್ತೆ ಯಾವಾಗ ಬರ್ತಾಳೆ ನಿಮ್ಮಂಗಡಿಗೆ?"

"ಇವತ್ತು ಮೂರಕ್ಕೆ."

"ನಂಗೂ ಒಂದು ಬ್ಲೌಸು ಹೊಲಿಸ್ಬೇಕಿತ್ತು" ಎಂದು ಅವರು ಎದ್ದು, ಬೀರುವಿನಿಂದ ಸಕ್ಕರೆ ನೋಡುವ ಪುಟ್ಟ ಯಂತ್ರ ತೆಗೆದು ಚೀಲಕ್ಕೆ ಹಾಕಿಕೊಂಡರು.

ಮೂರಾದರೂ ಶಾಂಭವಿ ಬರಲಿಲ್ಲ. ಮೂರೂ ಇಪ್ಪತ್ತಕ್ಕೆ ಬಂದಳು, ಗೋಡೆ ಹಿಡಿದುಕೊಂಡು. ಊಟ ಮಾಡಿದ್ದು ವಾಂತಿಯಾಯಿತು, ಹೊಟ್ಟೆನೋವು ಎಂದಳು. ಓಡಿ ಬಂದವಳ ಹಾಗೆ ಆಳವಾಗಿ, ಬೇಗಬೇಗ ಉಸಿರಾಡುತ್ತಿದ್ದಳು. ಆದರೆ ಲಾಡ್ಜಿನಿಂದ ನನ್ನ ಅಂಗಡಿಗೆ ಹತ್ತೇ ಹೆಜ್ಜೆ. ಫಿಲೋಮಿನಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಬೆರಳ ತುದಿಗೆ ಚುಚ್ಚಿದರು. ರಕ್ತದ ಹನಿ ಮುಟ್ಟಿಸಿದ ಯಂತ್ರ ಅಂಕೆಯನ್ನೇ ತೋರಿಸಲಿಲ್ಲ. ತನ್ನ ಅಳತೆಗೂ ಮೀರಿದೆ ಎಂಬ ಎರಡು ಅಕ್ಷರ ಮಾತ್ರ ಬಂತು.

"ಸಕ್ಕರೆ ಕಾಯಿಲೆ" ಎಂದರು ಫಿಲೋಮಿನಾ. "ಊಟ ಎಲ್ಲ ರಕ್ತದಲ್ಲೇ ನಿಂತಿದೆ, ಮೈಗೆ ಸೇರ್ತಿಲ್ಲ. ಎರಡು ಮುದ್ದೆ ತಿಂದ್ರೂ ಇವಳ ಮೈ ಉಪವಾಸ ಅಂತಲೇ ತಿಳ್ಕೊಂಡು ಕೊಬ್ಬು ಉರಿಸ್ತಾನೇ ಇದೆ. ನಮ್ಮೆಲ್ಲರದೂ ಹತ್ತಕ್ಕೆ ಊಟ ಬಿದ್ರೆ ಆರಿಹೋಗೋ ಒಲೆ. ಇವಳದು ಆರ್ತಾನೇ ಇಲ್ಲ. ರಕ್ತ ಪೂರಾ ಹುಳಿಯಾಗ್ತಿದೆ. ಈಗಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಗಾಡಿ ತರ್ಸಿ."

ಗಾಡಿಯೆಂದರೆ ಲಾಡ್ಜಿನ ಜೀಪು. ಅದರ ಕೀಲಿ ಪುಟ್ಟತಾಯಮ್ಮನ ಸೊಂಟದಲ್ಲಿರುತ್ತಿತ್ತು. ನಾನು ಓಡಿದೆ. ಅವರು ಕೋಪದಲ್ಲೇ ಬಂದರು. "ನಂಗೆ ಹೇಳ್ದೆ ಕೇಳ್ದೆ ಚುಚ್ಚಿದ್ದು ಯಾರು? ಪಿತ್ತ ಆಗಿದೆ ಅಷ್ಟೇ. ಜೀರಿಗೆ ಕಷಾಯ ಕೊಟ್ರೆ—"

ನನಗೆ ಎಲ್ಲಿಂದ ಧೈರ್ಯ ಬಂತೋ, ಅವರ ತೋಳು ಹಿಡಿದು ಮಗಳ ಮುಂದೆ ಎಳೆದು ತಂದೆ. "ಅಕ್ಕ, ನಾನು ಹೇಳಿದ್ದು ಬೇಡ, ಸಿಸ್ಟರ್ ಹೇಳಿದ್ದೂ ಬೇಡ. ನೀವು ಹುಟ್ಟಿದ್ದೇ ಈ ಉಸಿರಲ್ಲಿ ಅಂದ್ರಲ್ಲ. ಈಗ ಮೂರೂವರೆ. ಮೂಸಿ ನೋಡಿ."

ಪುಟ್ಟತಾಯಮ್ಮ ಬಗ್ಗಿದರು. ಎಷ್ಟೋ ವರ್ಷಗಳಿಂದ ದಿನಾ ಬೆಳಿಗ್ಗೆ ಅತಿಥಿಗಳನ್ನು ಎಬ್ಬಿಸಿ, ಹತ್ತರ ಕಾಫಿಗೆ ಮೊದಲಿನ ಅವರ ಉಸಿರನ್ನು ಬಲ್ಲವರು. ಮಗಳ ಬಾಯಿಯ ಹತ್ತಿರ ಮುಖ ತಂದು, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು. ನೆಟ್ಟಗಾದಾಗ ಅವರ ಮುಖದಲ್ಲಿ ಕೋಪವಿರಲಿಲ್ಲ. "ಇದು ನಮ್ಮದಲ್ಲ" ಎಂದರು. ಕೈ ಆಗಲೇ ಸೊಂಟದ ಕೀಲಿಗೆ ಹೋಗಿತ್ತು.

ಜೀಪಿನ ಹಿಂದಿನ ಸೀಟಿನಲ್ಲಿ ಶಾಂಭವಿಯ ತಲೆ ನನ್ನ ತೊಡೆಯ ಮೇಲಿತ್ತು. ಸೇತುವೆ ದಾಟುವಾಗ ಅವಳು ಕಣ್ಣು ಬಿಟ್ಟು, "ಬ್ಲೌಸು ಆಯ್ತಾ ಚಿಕ್ಕಮ್ಮ?" ಎಂದಳು. ಆಮೇಲೆ ಕರೆದರೆ ಓಗೊಡಲಿಲ್ಲ. ಉಸಿರು ಮಾತ್ರ ಆಳವಾಗಿ, ಒಂದೇ ಸಮನೆ, ತಿದಿ ಒತ್ತಿದ ಹಾಗೆ ಬರುತ್ತಿತ್ತು. ದೊಡ್ಡಾಸ್ಪತ್ರೆ ತಲುಪುವ ಎರಡು ತಾಸೂ ನನ್ನ ತಲೆಯಲ್ಲಿದ್ದದ್ದು ಆ ಎರಡು ಬಾಳೆಹಣ್ಣು. ನನ್ನ ಕುತೂಹಲಕ್ಕೆ ಕಾಯಿಲೆಯ ಹುಡುಗಿಗೆ ಸಿಹಿ ತಿನ್ನಿಸಿ ಒಂದು ತಾಸು ಗುಂಡಿ ಹೊಲಿಸಿದ್ದೆ. ಅದರಿಂದ ಏನೂ ಆಗಿಲ್ಲವೆಂದು ಆಮೇಲೆ ಡಾಕ್ಟರು ಹೇಳಿದರು. ಒಂದು ದಿನ ಮೊದಲೇ ಬರಬಹುದಿತ್ತಲ್ಲ ಎಂದು ಮಾತ್ರ ಅವರು ಹೇಳಲಿಲ್ಲ. ಅದನ್ನು ನಾನೇ ಹೇಳಿಕೊಂಡೆ.

ಮೂರು ದಿನ ಡ್ರಿಪ್ಪು, ಇನ್ಸುಲಿನ್. ಎರಡನೆಯ ದಿನ ಬೆಳಿಗ್ಗೆ ಅವಳಿಗೆ ಪೂರ್ತಿ ಎಚ್ಚರವಾಯಿತು. ಪುಟ್ಟತಾಯಮ್ಮ ಮತ್ತೆ ಮತ್ತೆ ಬಗ್ಗಿ ಮಗಳ ಉಸಿರು ಮೂಸುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಗಂಜಿ ಕುಡಿದಾದ ಮೇಲೆ ಮೂಸಿ, "ಗಂಜಿ ವಾಸನೆ ಇಂದೂ! ಬರೀ ಗಂಜಿದು!" ಎಂದು ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದರು.

ಮನೆಗೆ ಕಳಿಸುವ ಮೊದಲು ಡಾಕ್ಟರು ತಾಯಿ ಮಗಳನ್ನು ಎದುರು ಕೂರಿಸಿಕೊಂಡರು. ಇನ್ನೂ ಮೂವತ್ತು ದಾಟಿರದ ಹೆಂಗಸು, ಸಮಾಧಾನದ ಮಾತು. ಸೂಜಿ ಹೇಗೆ ಚುಚ್ಚಿಕೊಳ್ಳಬೇಕು, ಎಷ್ಟು ಹೊತ್ತಿಗೆ, ಎಲ್ಲ ತೋರಿಸಿಕೊಟ್ಟರು. ಜೀವನಪೂರ್ತಿ ಬೇಕಾಗುತ್ತದೆ, ಆದರೆ ಮದುವೆ, ಮಕ್ಕಳು, ಕೆಲಸ ಯಾವುದಕ್ಕೂ ಅಡ್ಡಿಯಿಲ್ಲ ಎಂದರು. "ಒಂದು ವಿಷಯ ಮಾತ್ರ ಮರೀಬಾರದು. ಇನ್ಸುಲಿನ್ ತಗೊಂಡ್ಮೇಲೆ ಕೆಲವು ಸಲ ಸಕ್ಕರೆ ತೀರಾ ಕೆಳಗೆ ಹೋಗ್ಬಿಡುತ್ತೆ. ಕೈ ನಡುಗುತ್ತೆ, ಬೆವರುತ್ತೆ, ಕಣ್ಣು ಮಂಜಾಗುತ್ತೆ. ಆಗ ತಕ್ಷಣ ಏನಾದ್ರೂ ಸಿಹಿ ತಿನ್ಬೇಕು. ಸಕ್ಕರೆ ನೀರಾದ್ರೂ ಸರಿ. ತಡ ಮಾಡಿದ್ರೆ ಪ್ರಾಣಕ್ಕೇ ಅಪಾಯ."

ಶಾಂಭವಿ ತಾಯಿಯ ಕಡೆ ನೋಡಿದಳು.

"ಸಂಜೆ ಆರರ ಮೇಲೆ ಹಂಗಾದ್ರೆ, ಡಾಕ್ಟ್ರೇ?" ಎಂದರು ಪುಟ್ಟತಾಯಮ್ಮ.

ಡಾಕ್ಟರು ಕೇಸ್ ಹಾಳೆಯ ಮೇಲಿದ್ದ ಊರಿನ ಹೆಸರು ಓದಿದರು. ಆ ಪ್ರಾಂತ್ಯದವರಿಗೆ ನಮ್ಮ ಊರಿನ ವಿಷಯ ಗೊತ್ತು. "ಯಾವ ಹೊತ್ತಲ್ಲಾದ್ರೂ ತಿನ್ಬೇಕಮ್ಮಾ. ತಿನ್ನೋಕೆ ಆಗೋ ಕಡೆನೇ ಇರ್ಬೇಕು" ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಅಷ್ಟರಲ್ಲಿ ವಿರೂಪಾಕ್ಷ ಕಾಫಿ ತಂದ. ಅವನು ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದ. ಮದುವೆಯ ದಿನ ಆಗಲೇ ಕಳೆದುಹೋಗಿತ್ತು, ಯಾರೂ ಅದರ ಮಾತೆತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನೇ ಅವನಿಗೆ ತಿಳಿಸಿದೆ. ಅವನು ಲೋಟ ಹಿಡಿದುಕೊಂಡೇ ಯೋಚಿಸಿ, "ಸೇತುವೆಯಾಚೆ ಲೈನ್‌ಮನ್ ಇದ್ದ ಮನೆ ಖಾಲಿಯಿದೆ. ನಾನು ದಿನಾ ಅಲ್ಲಿಗೆ ಕಾಗದ ಕೊಡೋಕೆ ಹೋಗ್ತೀನಿ. ಎರಡು ಕೋಣೆ, ಬಾವಿ ಇದೆ. ಅಲ್ಲಿಂದ ಪೋಸ್ಟಾಫೀಸಿಗೆ ಸೈಕಲ್ಲಲ್ಲಿ ಹತ್ತು ನಿಮಿಷ" ಎಂದ. ಆಮೇಲೆ ನಾಚಿಕೊಂಡು, "ಅತ್ತೆ, ಮದುವೆ ಆಗೋವರೆಗೆ ನೀವು ಇರಿ ಅವಳ ಜೊತೆ" ಎಂದು ಸೇರಿಸಿದ.

ಪುಟ್ಟತಾಯಮ್ಮ ಊರು ಬಿಟ್ಟು ಒಂದು ರಾತ್ರಿಯೂ ಮಲಗಿದವರಲ್ಲ. ಆಸ್ಪತ್ರೆಯಲ್ಲಿ ಕಳೆದ ಒಂಬತ್ತು ರಾತ್ರಿಯೇ ಮೊದಲು, ಆ ದಿನಗಳಲ್ಲೂ ಐದೂವರೆಗೆ ಉಂಡು ಮುಗಿಸಿಬಿಡುತ್ತಿದ್ದರು. ಅವರು ಅಳಿಯನಾಗುವವನನ್ನು ದಿಟ್ಟಿಸಿ ನೋಡಿ, "ಸುಣ್ಣ ಹೊಡಿಸ್ಬೇಕು ಆ ಮನೆಗೆ" ಎಂದರು.

ಸುಣ್ಣಕ್ಕೆ ಕಾಯಲಿಲ್ಲ. ಡಿಸ್ಚಾರ್ಜ್ ಆದ ದಿನವೇ ಜೀಪು ಸೇತುವೆ ದಾಟದೆ ಆ ಮನೆಯ ಮುಂದೆ ನಿಂತಿತು. ಲಾಡ್ಜಿನಿಂದ ಹಾಸಿಗೆ, ಪಾತ್ರೆ, ಒಂದು ಸ್ಟೌ ಬಂದವು. ಫಿಲೋಮಿನಾ ಬಂದು ಸೂಜಿಯ ಡಬ್ಬಿಯನ್ನು ತಣ್ಣನೆಯ ಮಡಕೆಯೊಳಗಿಡುವುದು ಹೇಗೆಂದು ತೋರಿಸಿ, ಐದಕ್ಕೇ ಹೊರಟುಹೋದರು. ಅವರ ಊಟ ಇನ್ನೂ ಆಗಿರಲಿಲ್ಲ. ನಾನು ಉಳಿದುಕೊಂಡೆ. ಪುಟ್ಟತಾಯಮ್ಮ ಅಡುಗೆ ಮಾಡುತ್ತಿದ್ದರು, ಆದರೆ ಅವಸರದಲ್ಲಿ ಕೈ ಓಡುತ್ತಿತ್ತು. ಆರು ಬಡಿಯುವ ಮೊದಲು ಮುಗಿಯಬೇಕೆಂದು ಮೈಗೇ ಅಭ್ಯಾಸವಾಗಿತ್ತಲ್ಲ. ಸೌದೆ ಹಸಿಯಿತ್ತು, ಸ್ಟೌಗೆ ಎಣ್ಣೆ ಸಾಲಲಿಲ್ಲ. ಅನ್ನ ಬೇಯುವಷ್ಟರಲ್ಲಿ ಏಳು ಗಂಟೆ.

ಶಾಂಭವಿ ಸೂಜಿ ಚುಚ್ಚಿಕೊಂಡು ಹದಿನೈದು ನಿಮಿಷ ಕಾದಳು. ತಟ್ಟೆ ಮುಂದೆ ಕೂತು, ಅನ್ನಕ್ಕೆ ಹುರುಳಿ ಸಾರು ಕಲಸಿ, ಮೊದಲ ತುತ್ತು ಬಾಯಿಗಿಟ್ಟಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಅದು ಮೇಲೆದ್ದು ಇಳಿಯಿತು. ಆಸ್ಪತ್ರೆಯಲ್ಲಿ ಏಳಕ್ಕೆ ಉಂಡು ಅಭ್ಯಾಸವಾಗಿದ್ದ ಅವಳಿಗೆ ಇದೇನೂ ದೊಡ್ಡದಲ್ಲ. "ಏನ್ ನೋಡ್ತೀರಿ ಇಬ್ಬರೂ? ಉಪ್ಪು ಕಮ್ಮಿ" ಎಂದಳು.

ಪುಟ್ಟತಾಯಮ್ಮ ಉಪ್ಪಿನ ಡಬ್ಬಿ ಅವಳ ಕಡೆ ತಳ್ಳಿದರು. ತಾವು ಮಾತ್ರ ಗೋಡೆಗೊರಗಿ ಕಾಲು ಮಡಚಿ ಕೂತರು. ಆ ದಿನ ಮನೆ ಸಾಗಿಸುವ ಗಡಿಬಿಡಿಯಲ್ಲಿ ಬೆಳಿಗ್ಗೆಯಿಂದ ಅವರು ಒಂದು ಲೋಟ ಮಜ್ಜಿಗೆ ಬಿಟ್ಟು ಏನೂ ತಿಂದಿರಲಿಲ್ಲ.

"ನೀನೂ ಬಾರಮ್ಮ" ಎಂದಳು ಶಾಂಭವಿ.

"ಹೊತ್ತು ಮೀರಿದೆ. ನಾಳೆ ಹತ್ತಕ್ಕೆ ತಿಂತೀನಿ ಬಿಡು."

"ಇಲ್ಲಿ ಹೊತ್ತು ಇಲ್ಲಮ್ಮ."

"ನಂಗೆ ಇಳಿಯಲ್ಲ ಕಣೇ. ಐವತ್ತೈದು ವರ್ಷ ಆಯ್ತು. ನಿಂಗಾದ್ರೆ ಸರಿ, ಇಂದೂ ಹೊರಗಿನವಳು. ನನ್ನ ಗಂಟಲು ಮುಚ್ಚಿರುತ್ತೆ."

"ಮುಚ್ಚಿದ್ದನ್ನ ನೋಡಿದ್ಯಾ, ಇಲ್ಲಿ?"

ಶಾಂಭವಿ ತನ್ನ ತಟ್ಟೆಯಲ್ಲೇ ಒಂದು ತುತ್ತು ಕಲಸಿ, ಮೊಣಕಾಲಲ್ಲಿ ಸರಿದು ತಾಯಿಯ ಮುಂದೆ ಬಂದಳು. ಪುಟ್ಟತಾಯಮ್ಮ ಮುಖ ತಿರುಗಿಸಿದರು. ತಿರುಗಿದ ಕಡೆಗೇ ಆ ಕೈಯೂ ಹೋಯಿತು. ಕೊನೆಗೆ ಬಾಯಿ ತೆರೆದರು. ಅಗಿದರು, ಬಹಳ ಹೊತ್ತು ಅಗಿದರು. ನುಂಗುವ ಧೈರ್ಯವಾಗದೆ ಕೆನ್ನೆಯಲ್ಲಿ ಇಟ್ಟುಕೊಂಡು ನನ್ನ ಕಡೆ ನೋಡಿದರು. ಹೊರಗೆ ಕತ್ತಲಾಗಿತ್ತು. ಹಳ್ಳದಾಚೆ ಊರಿನ ದೀಪಗಳು ಕಾಣುತ್ತಿದ್ದವು, ಅಲ್ಲಿ ಅಷ್ಟೂ ಮನೆಗಳ ತಟ್ಟೆಗಳು ತೊಳೆದು ಬೋರಲು ಬಿದ್ದಿರುತ್ತವೆ.

ಪುಟ್ಟತಾಯಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ನುಂಗಿದರು.

ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿಂದ ಎದೆಗೆ, ಎದೆಯಿಂದ ಹೊಟ್ಟೆಗೆ, ತುತ್ತು ಎಲ್ಲಿಗೆ ಹೋಯಿತೆಂದು ಹಿಂಬಾಲಿಸಿದ ಹಾಗೆ. ಕಣ್ಣು ಬಿಟ್ಟಾಗ ಅವು ತುಂಬಿಕೊಂಡಿದ್ದವು.

"ಹೌದು ಕಣೇ, ಉಪ್ಪು ಕಮ್ಮಿಯಾಗಿದೆ" ಎಂದರು, ಮತ್ತೆ ಬಾಯಿ ತೆರೆದರು.